ಗಿಟಾರಿನ ವಾಲ್ವು ವರ್ಧಕ: ಗುಣಪರೀಕ್ಷೆ ಹೇಗೆ?

ಒಂದು ಧ್ವನಿವರ್ಧಕವು ಉತ್ತಮವಾದುದೋ ಅಲ್ಲವೋ ಎಂಬುದನ್ನು ತಿಳಿಯಲು ಭೌತವಿಜ್ಞಾನದಲ್ಲಿ ಸರಳವಾದ ನಿಯಮವೊಂದುಂಟು. ಒಳಗೆ ಕೊಟ್ಟ ವಿದ್ಯುತ್ ತರಂಗದ ಆಕಾರವನ್ನು ಕೆಡಿಸದೆ, ಅದರ ಗಾತ್ರವನ್ನು ಮಾತ್ರ ಹಿಗ್ಗಿಸಿ ಹೊರಗೆ ಕೊಡುವ ವರ್ಧಕವೇ ಶ್ರೇಷ್ಠ. ಸಭೆಯ ಭಾಷಣಕ್ಕಾಗಲಿ, ಮನೆಯಲ್ಲಿ ಸಂಗೀತ ಕೇಳುವುದಕ್ಕಾಗಲಿ ಈ ನಿಯಮ ಚೆನ್ನಾಗಿ ಒಪ್ಪುತ್ತದೆ. ಎಲೆಕ್ಟ್ರಿಕ್ ಗಿಟಾರಿನ ವರ್ಧಕಕ್ಕೆ ಮಾತ್ರ ಒಪ್ಪುವುದಿಲ್ಲ. ಅಲ್ಲಿ ವಾದಕನು ತರಂಗದ ಆಕಾರವನ್ನು ಬೇಕೆಂದೇ ಕೆಡಿಸುತ್ತಾನೆ. ಹಾಗೆ ಕೆಟ್ಟುದರಿಂದ ಹುಟ್ಟುವ ನಾದಕ್ಕಾಗಿಯೇ ಎರಡು ಸಾವಿರ ಡಾಲರಿಗೂ ಮಿಕ್ಕ ಬೆಲೆಯನ್ನು ತೆರುತ್ತಾನೆ. ಹಾಗಾದರೆ ಇಂತಹ ಉಪಕರಣದ ಗುಣದೋಷಗಳನ್ನು ತೂಗುವ ತಕ್ಕಡಿ ಯಾವುದು? ಈ ಪ್ರಶ್ನೆಗೆ ಇಂದು ಪ್ರಚಾರದಲ್ಲಿರುವ ಉತ್ತರಗಳು ನನಗೆ ಸಮ್ಮತವಲ್ಲ. ಅದಕ್ಕೆ ಕಾರಣಗಳನ್ನು ವಿದ್ಯಾರ್ಥಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ತರಂಗವನ್ನು ಕೆಡಿಸುವುದೆಂಬ ಮಾತನ್ನು ಕೇಳಿ ವಾಚಕರು ಮೂಗು ಮುರಿಯಬೇಕಾಗಿಲ್ಲ. ನಮ್ಮ ತಂಬೂರಿಯನ್ನೇ ನೋಡಿ. ಅದರ ಅಗಲವಾದ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದೆಳೆ ನೂಲನ್ನಿಟ್ಟು ಜೀವಾಳ ಕೂಡಿಸುತ್ತಾರೆ. ಆಗ ತಂತಿಯು ಕುದುರೆಯ ಮೈಯನ್ನು ಮತ್ತೆ ಮತ್ತೆ ಸೋಕಿ, ಮೂಲಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನಗಳುಳ್ಳ ಉಪಸ್ವರಗಳನ್ನು ಹೇರಳವಾಗಿ ಹೊರಡಿಸುತ್ತದೆ. ತಂತಿಯನ್ನು ಮೀಟಿದ ಸ್ಥಾನದಿಂದಾಗಿ ಹುಟ್ಟಲೇಬಾರದ ಉಪಸ್ವರಗಳು ಕೂಡ ಇದರಲ್ಲಿ ಕೇಳಿಬರುತ್ತವೆಂದು ಸಿ. ವಿ. ರಾಮನ್ನರು 1921ರಲ್ಲಿ ತೋರಿಸಿದರು. ಜೀವಾಳವಿಲ್ಲದ ತಂಬೂರಿಯ ಶ್ರುತಿ ಶುದ್ಧವಾಗಿರಬಹುದು; ಆದರೆ ಗಾಯಕರಿಗೆ ಅದು ಬೇಡ. ಗಿಟಾರಿನ ವರ್ಧಕವೂ ಹಾಗೆಯೇ. ಅದು ವಾದ್ಯದ ಹೊರಗಿನ ಯಂತ್ರವಲ್ಲ, ವಾದ್ಯದ ಒಂದು ಅಂಗ.

ಈ ಅಂಗವು ಕೆಲಸ ಮಾಡುವ ಬಗೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. 12ಎಎಕ್ಸ್7 ಎಂಬ ಸಣ್ಣ ನಿರ್ವಾತ ನಳಿಗೆಯ, ಎಂದರೆ ವಾಲ್ವಿನ, ಒಂದೇ ಗಾಜಿನ ಬುರುಡೆಯೊಳಗೆ ಎರಡು ಟ್ರಯೋಡುಗಳಿರುತ್ತವೆ. ಅದರ ವರ್ಧನಾಂಕ 100. ಮಂಡಲದಲ್ಲಿ ಜೋಡಿಸಿದಾಗ ಒಂದೊಂದು ಟ್ರಯೋಡು ಸುಮಾರು 50 ಪಟ್ಟು ಹಿಗ್ಗಿಸುತ್ತದೆಂದು ಇಟ್ಟುಕೊಳ್ಳೋಣ. ಗಿಟಾರಿನಿಂದ ಬರುವ ವೋಲ್ಟೇಜು ಒಂದು ವೋಲ್ಟಿನ ಹತ್ತನೆಯ ಒಂದು ಭಾಗವಾಗಿದ್ದರೆ, ಮೊದಲ ಹಂತದಲ್ಲಿ ಅದು 5 ವೋಲ್ಟು, ಎರಡನೆಯದರಲ್ಲಿ 250 ವೋಲ್ಟು, ಮೂರನೆಯದರಲ್ಲಿ 12,500 ವೋಲ್ಟು ಆಗಬೇಕು. ಆದರೆ ವಾಲ್ವಿಗೆ ಒದಗಿಸಿರುವುದು ಕೆಲವೇ ನೂರು ವೋಲ್ಟು. ಇಲ್ಲದ ವೋಲ್ಟೇಜನ್ನು ಅದು ಎಲ್ಲಿಂದ ತಂದೀತು? ತರಂಗದ ನೆತ್ತಿ ಚಪ್ಪಟೆಯಾಗುತ್ತದೆ, ಉಪಸ್ವರಗಳು ಹುಟ್ಟುತ್ತವೆ. ಹಂತಗಳ ನಡುವೆ ವೋಲ್ಟೇಜನ್ನು ಎಷ್ಟು ತಗ್ಗಿಸಬೇಕು, ಎಲ್ಲಿ ಉಕ್ಕಗೊಡಬೇಕು ಎಂಬುದೇ ವಿನ್ಯಾಸಕಾರನ ಜಾಣ್ಮೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಂಡಲ್ ಸ್ಮಿತ್ ಎಂಬವರು 1960ರ ದಶಕದ ಕೊನೆಯಲ್ಲಿ ಫೆಂಡರ್ ಕಂಪನಿಯ ಸಣ್ಣ ವರ್ಧಕಗಳನ್ನು ಬಿಚ್ಚಿ ಬಲಪಡಿಸಲು ತೊಡಗಿದರು; ಮೀಸಾ ಬೂಗಿ ವರ್ಧಕಗಳ ಮೂಲ ಅದೇ.

ಇಂತಹ ವರ್ಧಕದಲ್ಲಿ ಒಂದಕ್ಕಿಂತ ಹೆಚ್ಚು ಚಾನೆಲುಗಳು ಏಕೆ ಬೇಕು? ಬರಿಯ ಆಡಂಬರಕ್ಕಲ್ಲ, ಇದಕ್ಕೆ ಭೌತವಿಜ್ಞಾನದ ಕಾರಣವಿದೆ. ಆಕಾರ ಕೆಡಿಸುವ ವರ್ಧಕದೊಳಗೆ ಎರಡು ಸ್ವರಗಳು ಕೂಡಿದಾಗ ಅವುಗಳ ವ್ಯತ್ಯಾಸದಷ್ಟು ಕಂಪನವುಳ್ಳ ಹೊಸ ಸ್ವರವೂ ಹುಟ್ಟುತ್ತದೆ. ಗಿಟಾರಿನ ಸಮವಿಭಾಗದ ಶ್ರುತಿಯಲ್ಲಿ ಷಡ್ಜಕ್ಕೆ ಸೆಕೆಂಡಿಗೆ 400 ಕಂಪನಗಳಾದರೆ ಪಂಚಮಕ್ಕೆ ಸುಮಾರು 599. ವ್ಯತ್ಯಾಸ 199, ಅದು ಹೆಚ್ಚುಕಡಿಮೆ ಕೆಳಗಿನ ಸ್ಥಾಯಿಯ ಷಡ್ಜವೇ ಆದ್ದರಿಂದ ಕಿವಿಗೆ ಹಿತ. ನಡುವೆ 504 ಕಂಪನಗಳ ಅಂತರ ಗಾಂಧಾರವನ್ನು ಸೇರಿಸಿದರೆ 104 ಮತ್ತು 95 ಕಂಪನಗಳ ಎರಡು ಹೊಸ ಸ್ವರಗಳು ಹುಟ್ಟಿ, ಒಂದಕ್ಕೊಂದು ತಾಗಿ, ಒರಟಾದ ಗದ್ದಲವೇಳುತ್ತದೆ. ಆದುದರಿಂದ ತುಂಬು ಸ್ವರಮೇಳಕ್ಕೆ ಸ್ವಚ್ಛವಾದ ಚಾನೆಲೂ, ಒಂಟಿ ಸ್ವರಗಳ ಆಲಾಪಕ್ಕೆ ಉಕ್ಕುವ ಚಾನೆಲೂ ಬೇರೆ ಬೇರೆ ಬೇಕಾಗುತ್ತವೆ. 2009ರಲ್ಲಿ ಹೊರಬಂದ ಮೀಸಾ ಬೂಗಿ ಮಾರ್ಕ್ ಐದರಲ್ಲಿ ಅಂತಹ ಮೂರು ಚಾನೆಲುಗಳಿದ್ದವು. ವಾದಕನು ಕಾಲಿನಿಂದ ಗುಂಡಿಯನ್ನೊತ್ತಿ, ಹಾಡಿನ ನಡುವೆಯೇ ಒಂದರಿಂದ ಇನ್ನೊಂದಕ್ಕೆ ಹೋಗಬಹುದಾಗಿತ್ತು.

ಇಷ್ಟರಮಟ್ಟಿಗೆ ವಾಲ್ವಿನ ಅಭಿಮಾನಿಗಳ ಪಕ್ಷ ಸರಿ. ಆದರೆ ಅವರ ಕೆಲವು ಘೋಷಣೆಗಳು ಅರ್ಧಸತ್ಯಗಳು. ವಾಲ್ವೆಂದರೆ ಸಮಸಂಖ್ಯೆಯ ಉಪಸ್ವರ, ಟ್ರಾನ್ಸಿಸ್ಟರೆಂದರೆ ವಿಷಮಸಂಖ್ಯೆಯ ಉಪಸ್ವರ ಎಂಬುದು ಅವುಗಳಲ್ಲಿ ಒಂದು. 1973ರಲ್ಲಿ ರಸೆಲ್ ಹ್ಯಾಮ್ ಎಂಬ ಎಂಜಿನಿಯರು ಮೈಕ್ರೋಫೋನಿನ ವರ್ಧಕಗಳನ್ನು ಮಿತಿಮೀರಿ ನಡೆಸಿ ಅಳೆದಾಗ ಉಪಸ್ವರಗಳ ಹಂಚಿಕೆಯಲ್ಲಿ ಭೇದ ಕಂಡುಬಂದುದು ನಿಜ. ಆದರೆ ದೊಡ್ಡ ಗಿಟಾರ್ ವರ್ಧಕದ ಕೊನೆಯ ಹಂತದಲ್ಲಿ ವಾಲ್ವುಗಳು ಎರಡು ಪಕ್ಷವಾಗಿ, ಒಂದು ತಳ್ಳಿದರೆ ಇನ್ನೊಂದು ಎಳೆಯುವ ಪುಷ್-ಪುಲ್ ಕ್ರಮದಲ್ಲಿ ದುಡಿಯುತ್ತವೆ. ಆ ಹಂತದಲ್ಲಿ ಹುಟ್ಟುವ ಸಮಸಂಖ್ಯೆಯ ಉಪಸ್ವರಗಳು ಈ ಕ್ರಮದಿಂದಲೇ ಬಹುಮಟ್ಟಿಗೆ ಅಳಿಸಿಹೋಗುತ್ತವೆ. ನಾದವನ್ನು ನಿರ್ಧರಿಸುವುದು ಮಂಡಲದ ವಿನ್ಯಾಸವೇ ಹೊರತು ಬರಿಯ ಗಾಜಿನ ಬುರುಡೆಯಲ್ಲ.

ವಾಟುಗಳ ಮೋಹವೂ ಹೀಗೆಯೇ. ಮಾರ್ಕ್ ಐದರ ಶಕ್ತಿಯನ್ನು 90, 45, 10 ವಾಟುಗಳಿಗೆ ಬದಲಿಸಬಹುದಾಗಿತ್ತು. 90ರಿಂದ 45ಕ್ಕೆ ಇಳಿದರೆ ಸದ್ದು ಅರ್ಧವಾಗುವುದೆಂದು ಹಲವರ ಎಣಿಕೆ. ವಾಸ್ತವವಾಗಿ ಇಳಿಯುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅರ್ಧವೆನಿಸಬೇಕಾದರೆ ಶಕ್ತಿಯು ಸುಮಾರು ಹತ್ತನೆಯ ಒಂದಕ್ಕೆ, ಎಂದರೆ 9 ವಾಟಿಗೆ ಇಳಿಯಬೇಕು. ಮನೆಯ ಕೋಣೆಯಲ್ಲಿ ಅಭ್ಯಾಸ ಮಾಡುವ ವಿದ್ಯಾರ್ಥಿಗೆ 90 ವಾಟಿನಿಂದ ಪ್ರಯೋಜನವಿಲ್ಲ. ನೆರೆಮನೆಯವರ ಕೋಪವಷ್ಟೇ ಲಾಭ.

ಇನ್ನು ಮುಖ್ಯವಾದ ಮಾತಿಗೆ ಬರೋಣ. ವಿಮರ್ಶಕನು ಬೆಲೆಯುಳ್ಳ ವರ್ಧಕದ ಮುಂದೆ ಕುಳಿತು, ಅದರ ಹೆಸರನ್ನು ನೋಡುತ್ತಾ ನುಡಿಸಿ, ನಾದವು ಬೆಚ್ಚಗಿದೆ, ಜೀವಂತವಾಗಿದೆ ಎಂದು ತೀರ್ಪು ಕೊಡುವುದು ಪರೀಕ್ಷೆಯಲ್ಲ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸಿನಲ್ಲಿ ಕ್ಲಾಡಿಯಾ ಫ್ರಿಟ್ಜ್ ಮತ್ತು ಸಂಗಡಿಗರು 21 ಮಂದಿ ಪಿಟೀಲು ವಾದಕರಿಗೆ ಮೂರು ಹೊಸ ಪಿಟೀಲುಗಳನ್ನೂ, ಸ್ಟ್ರಾಡಿವಾರಿ ಮತ್ತು ಗ್ವಾರ್ನೇರಿ ಮನೆತನಗಳ ಮೂರು ಹಳೆಯ ಪಿಟೀಲುಗಳನ್ನೂ ಗುರುತು ತಿಳಿಯದಂತೆ ಕೊಟ್ಟು ನುಡಿಸಿದರು. ಮನೆಗೆ ಒಯ್ಯಲು ಯಾವುದು ಬೇಕೆಂದು ಕೇಳಿದಾಗ 13 ಮಂದಿ ಹೊಸದನ್ನೇ ಆರಿಸಿದರು. ಕೀರ್ತಿ ಕಣ್ಣಿಗೆ ಬಿದ್ದಾಗ ಕಿವಿಯ ಸಾಕ್ಷ್ಯ ನಂಬತಕ್ಕದ್ದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದುದರಿಂದ ನನ್ನ ಸಲಹೆ ಹೀಗಿದೆ. ಗಿಟಾರಿನ ನುಡಿತವೊಂದನ್ನು ಮೊದಲು ವರ್ಧಕವಿಲ್ಲದೆ ನೇರವಾಗಿ ಮುದ್ರಿಸಿಕೊಂಡು, ಅದನ್ನೇ ಎರಡು ವರ್ಧಕಗಳಿಗೂ ಕೊಡಬೇಕು. ಆಗ ಕೈಯ ಭೇದ ತೊಲಗುತ್ತದೆ. ಎರಡಕ್ಕೂ ಒಂದೇ ಸ್ಪೀಕರನ್ನು ಸರದಿಯಾಗಿ ಜೋಡಿಸಬೇಕು. ಧ್ವನಿಮಟ್ಟವನ್ನು ಅಳೆದು ಸಮಮಾಡಬೇಕು. ಏಕೆಂದರೆ ಸದ್ದು ಹೆಚ್ಚಿದಂತೆ ಮಂದ್ರಸ್ವರಗಳು ಕಿವಿಗೆ ತುಂಬಿ ಕೇಳುತ್ತವೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ತೋರಿಸಿದ್ದಾರೆ, ಅಂಗಡಿಯವನು ಈ ಮರ್ಮವನ್ನು ಬಲ್ಲ. ಅನಂತರ ಪರದೆಯ ಹಿಂದೆ ಹತ್ತು ಸಲ ನುಡಿಸಿ, ಯಾವುದು ಯಾವುದೆಂದು ಕೇಳಬೇಕು. ಕೇವಲ ಊಹೆಯಿಂದ ಒಂಬತ್ತು ಅಥವಾ ಹತ್ತು ಉತ್ತರಗಳು ಸರಿಯಾಗುವ ಸಂಭವ 1024ರಲ್ಲಿ 11 ಮಾತ್ರ. ಒಂಬತ್ತನ್ನು ಸರಿಯಾಗಿ ಹೇಳಿದವನು ನಿಜವಾದ ಭೇದವನ್ನು ಕೇಳಿದ್ದಾನೆಂದು ಒಪ್ಪೋಣ. ಕಂಪ್ಯೂಟರಿನ ಗಣಿತದಿಂದ ವಾಲ್ವಿನ ನಾದವನ್ನು ಅನುಕರಿಸುವ ಅಗ್ಗದ ಪೆಟ್ಟಿಗೆಗಳನ್ನೂ ಈ ಪರದೆಯ ಹಿಂದೆಯೇ ಇಟ್ಟು ಪರೀಕ್ಷಿಸುವುದು ನ್ಯಾಯ.

ಕೊಳ್ಳುವ ಮೊದಲು ಪೋಷಣೆಯ ವೆಚ್ಚವನ್ನೂ ಎಣಿಸಬೇಕು. ವಾಲ್ವಿನ ಕ್ಯಾಥೋಡು ಕಾಲಕ್ರಮದಲ್ಲಿ ಎಲೆಕ್ಟ್ರಾನುಗಳನ್ನು ಸೂಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆಗ ಹೊಸ ವಾಲ್ವು ಬೇಕು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸಲಾರಂಭಿಸಿತ್ತು; ಇಂದು ಇಂತಹವು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳಿಂದ ಬರಬೇಕು. ಇನ್ನೊಂದು ಎಚ್ಚರಿಕೆ: ವಿದ್ಯುತ್ ಸಂಪರ್ಕವನ್ನು ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ 400 ವೋಲ್ಟಿಗೂ ಮಿಕ್ಕಿ ಉಳಿದಿರಬಹುದು, ಅದು ಪ್ರಾಣಾಂತಿಕ. ಕುತೂಹಲಕ್ಕಾಗಿ ಪೆಟ್ಟಿಗೆಯನ್ನು ಬಿಚ್ಚತಕ್ಕದ್ದಲ್ಲ. ಸ್ಪೀಕರನ್ನು ಜೋಡಿಸದೆ ವರ್ಧಕವನ್ನು ನಡೆಸಿದರೆ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಬಹುದು.

ಒಂದೇ ಹಾಡಿನಲ್ಲಿ ಮೂರು ಬಗೆಯ ನಾದಗಳನ್ನು ಬಯಸಿ ವೇದಿಕೆಯ ಮೇಲೆ ನುಡಿಸುವವನಿಗೆ ಬಹುಚಾನೆಲಿನ ವರ್ಧಕ ಸಾರ್ಥಕವಾದ ಸಾಧನ. ಅವನು ಕೊಟ್ಟ ಹಣಕ್ಕೆ ಮೋಸವಿಲ್ಲ. ಕಲಿಯುವವನಿಗೆ ಒಂದು ಚಾನೆಲಿನ ಸಣ್ಣ ವರ್ಧಕ ಸಾಕು. ಯಾವುದು ಉತ್ತಮವೆಂದು ಯಾರಾದರೂ ಹೇಳಿದಾಗ ವಿದ್ಯಾರ್ಥಿಯು ಎರಡು ಪ್ರಶ್ನೆಗಳನ್ನು ಕೇಳಲಿ: ಸದ್ದನ್ನು ಸಮಮಾಡಿದ್ದಿರಾ? ಹೆಸರನ್ನು ಮರೆಮಾಡಿದ್ದಿರಾ? ಎರಡಕ್ಕೂ ಹೌದೆಂಬ ಉತ್ತರ ಬಾರದಿದ್ದರೆ, ತಂದೆತಾಯಿಗಳ ದುಡ್ಡನ್ನು ಆ ಮಾತಿನ ಮೇಲೆ ಹೂಡಬಾರದು.