ಬಿಡುವು ಸಿಕ್ಕ ಮೇಲೆ

ರಿಟೈರ್ ಆಗಲಿ, ಮಗಳ ಮದುವೆ ಮುಗಿಯಲಿ, ಆಮೇಲೆ ಕೂತು ಬರೆಯುತ್ತೇನೆ ಎನ್ನುವವರು ನಮ್ಮಲ್ಲಿ ಬಹಳ. ಅರ್ಧಕ್ಕೆ ನಿಂತ ಕಾದಂಬರಿಯೋ ಅಜ್ಜನ ಕಾಲದ ನೆನಪುಗಳೋ ಬೀರುವಿನಲ್ಲಿ ಆ ದಿನಕ್ಕಾಗಿ ಕಾಯುತ್ತಿರುತ್ತವೆ. ಬಿಡುವು ಬಂದರೆ ಬರಹ ತಾನಾಗಿ ಮುಗಿಯುತ್ತದೆ ಎಂಬ ಈ ನಂಬಿಕೆಗೆ ಆಧಾರ ಕಡಿಮೆ.

ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಬರೆಯಲು ಸುಮಾರು ಒಂಬತ್ತು ವರ್ಷ ತೆಗೆದುಕೊಂಡರು. ಆಗ ಅವರು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು. ಕಾವ್ಯದ ಸಾಲುಗಳು 22,000ಕ್ಕೂ ಹೆಚ್ಚು. ಭಾಗಿಸಿ ನೋಡಿದರೆ ದಿನಕ್ಕೆ ಏಳು ಸಾಲೂ ಬೀಳುವುದಿಲ್ಲ. ಸರಾಸರಿ ಎಂಬುದು ಕಳ್ಳಲೆಕ್ಕ, ನಿಜ. ಒಂದು ದಿನ ನೂರು ಸಾಲು ಬಂದಿರಬಹುದು, ವಾರಗಟ್ಟಲೆ ಒಂದೂ ಬಾರದೆ ಹೋಗಿರಬಹುದು. ಆದರೆ ಅಷ್ಟು ವರ್ಷ ಬಿಟ್ಟಲ್ಲಿಗೆ ಮತ್ತೆ ಮತ್ತೆ ಮರಳಿ ಬಂದ ಹಟಕ್ಕೆ ರಜೆಯ ಮಂಜೂರಾತಿ ಬೇಕಿರಲಿಲ್ಲ. ಮಾಸ್ತಿಯವರೂ ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದುಕೊಂಡೇ ಕಥೆ ಬರೆದರು. 'ಚಿಕವೀರ ರಾಜೇಂದ್ರ' ಬಂದದ್ದು ನೌಕರಿ ಬಿಟ್ಟ ಎಷ್ಟೋ ಕಾಲದ ಮೇಲೆ, 1956ರಲ್ಲಿ. ಅದನ್ನು ಬರೆದ ಕೈ ಪಳಗಿದ್ದು ಮಾತ್ರ ಕಚೇರಿಯ ದಿನಗಳಲ್ಲಿ.

ಸ್ಫೂರ್ತಿಯ ಮಾತೂ ಹೀಗೆಯೇ. ನಿನ್ನೆ ಬರೆದ ಪುಟ ಇಂದು ಕಣ್ಣಿಗೆ ಬಿದ್ದು, 'ಇದು ಸರಿಯಿಲ್ಲ' ಎಂದು ಕೈ ತುರಿಸಿದಾಗಲೇ ಹೆಚ್ಚಿನವರಿಗೆ ಅದು ಬರುವುದು. ನಮ್ಮನ್ನು ತಡೆಯುವುದು ಬಹುಪಾಲು ಅಂಜಿಕೆ. ಮುಗಿಯದ ಪುಸ್ತಕವನ್ನು ಯಾರೂ ಕೆಟ್ಟದ್ದೆನ್ನಲಾರರು. ಮುಗಿಸಿದರೆ ಅದು ಎಷ್ಟರಮಟ್ಟಿನದೆಂದು ಊರಿಗೆಲ್ಲ ಗೊತ್ತಾಗುತ್ತದೆ. ಮೊದಲು ನಮಗೇ ಗೊತ್ತಾಗುತ್ತದೆ. ಹಾಗಾಗಿ 'ಟೈಮಿಲ್ಲ' ಎನ್ನುವುದು ಗೌರವ ಉಳಿಸುವ ನೆಪ.

ಆದರೆ ಎಲ್ಲರ ಬಾಯಲ್ಲೂ ಅದು ನೆಪವಲ್ಲ. ಕುವೆಂಪು, ಮಾಸ್ತಿಯವರ ಹೆಸರು ಹೇಳಿ ಗೃಹಿಣಿಯೊಬ್ಬರಿಗೆ ಉಪದೇಶ ಮಾಡುವುದು ಅನ್ಯಾಯ. ಎಂ.ಕೆ. ಇಂದಿರಾ ಅವರಿಗೆ ಹನ್ನೆರಡರ ಹರೆಯದಲ್ಲೇ ಮದುವೆಯಾಯಿತು. ಮೊದಲ ಕಾದಂಬರಿ 'ತುಂಗಭದ್ರಾ' ಪ್ರಕಟವಾದ 1963ರಲ್ಲಿ ಅವರಿಗೆ 46 ವರ್ಷ. ಅಷ್ಟು ತಡವಾಗಿ ಶುರುಮಾಡಿಯೂ ಮುಂದೆ 'ಫಣಿಯಮ್ಮ' ಬರೆದ ಶಕ್ತಿಗೆ ಇಪ್ಪತ್ತರಲ್ಲೇ ಒಂದಿಷ್ಟು ಅವಕಾಶ ಸಿಕ್ಕಿದ್ದರೆ ಎನಿಸದಿರದು. ಒಲೆ, ಮಕ್ಕಳು, ಬಂದು ಹೋಗುವ ನೆಂಟರ ನಡುವೆ ಇರುವವರಿಗೆ ಅರ್ಧ ಗಂಟೆಯನ್ನೂ ಬೇರೆ ಯಾರಾದರೂ ಬಿಟ್ಟುಕೊಡಬೇಕಾಗುತ್ತದೆ.

ನಿಮ್ಮ ಮನೆಯಲ್ಲಿ ಅಂಥವರೊಬ್ಬರು ನೋಟ್‌ಬುಕ್ ಹಿಡಿದು ಕೂತಿದ್ದರೆ, ದಯವಿಟ್ಟು ಇವತ್ತಿನ ಕಾಫಿ ನೀವೇ ಮಾಡಿಕೊಳ್ಳಿ. ಅವರಿಗೂ ಒಂದು ಲೋಟ ಕೊಡಿ.