ಹಾಲಿನ ಲೆಕ್ಕ, ಮೊಣಕೈ ಲೆಕ್ಕ

ಅಮೆರಿಕಾದಾಗ ಹೈಸ್ಕೂಲ್ ಬೇಸ್‌ಬಾಲ್ ಆಡೋ ಹುಡುಗನ ಅವ್ವ-ಅಪ್ಪ ಗ್ಯಾಲರಿಯೊಳಗ ಕೂತು ಚಪ್ಪಾಳಿ ಹೊಡದ್ರ ಸಾಲಂಗಿಲ್ರಿ. ಮಗ ಪಿಚರ್ ಆಗಿದ್ರ ಎಸೆತ ಎಣಿಸಬೇಕು.

ಕ್ರಿಕೆಟ್ ನೋಡಿ ಬೆಳದ ನಮಗ ಇದು ಲಗೂ ಹೊಳಿಯೂದಿಲ್ಲ. ಅಲ್ಲಿ ಆರು ಎಸೆತ ಆದ್ರ ಚೆಂಡು ಮತ್ತೊಬ್ಬನ ಕೈಗೆ ಹೋಗ್ತದ. ಇಲ್ಲಿ ಕೋಚ್ ತಗಿಯೂ ತನಕ ಒಬ್ಬನ ಎಸೀತಾನ, 60 ಅಡಿ 6 ಇಂಚು ದೂರಕ್ಕ, ಇದ್ದಷ್ಟೂ ಜೋರು ಹಾಕಿ.

ನಿಯಮ ಇಲ್ಲಂತಲ್ಲ. ಶಾಲೆ ಆಟದಾಗ ರಾಜ್ಯದ ಸಂಘಗಳು ಎಸೆತಕ್ಕ ಮಿತಿ ಇಡಬೇಕಂತ 2017ರಿಂದ ಅದ. ಮೇಜರ್ ಲೀಗಿನ ‘ಪಿಚ್ ಸ್ಮಾರ್ಟ್’ ಸಲಹೆ ಪ್ರಕಾರ 15-16 ವಯಸ್ಸಿನವರಿಗೆ ದಿನಕ್ಕ 95 ಎಸೆತ. 75 ದಾಟಿದ್ರ ನಾಕು ದಿನ ವಿಶ್ರಾಂತಿ. ಆದ್ರ ರವಿವಾರ ಕ್ಲಬ್ ಟೀಮಿಗೆ ಎಸೆದದ್ದು ಶಾಲೆ ಕೋಚ್‌ನ ವಹಿಯೊಳಗ ಇರೂದಿಲ್ಲ. ಎರಡೂ ವಹಿ ಕೂಡ್ಸಾವ್ರು ಯಾರು? ಕಾರ್ ಹೊಡಿಯೋ ನಾವ.

ಹುಡುಗನ್ನ ಕೇಳಿದ್ರ ‘ನೋವಿಲ್ಲ’ ಅಂತಾನ. ಟೀಮಿನಾಗ ಜಾಗಾ ಹೋಗೋ ಅಂಜಿಕಿ ಅವಗ. ಅದಕ್ಕ ಕೇಳಬ್ಯಾಡ್ರಿ, ಊಟಕ್ಕ ಕೂತಾಗ ಚಪಾತಿ ಹರಿಯೋ ಕೈ ತಡೀತದೇನು ನೋಡ್ರಿ. ‘ಟಾಮಿ ಜಾನ್ ಆಪರೇಷನ್ ಆದ್ರ ಇನ್ನೂ ಜೋರು ಎಸೀತಾರ’ ಅನ್ನೋ ಪಾಲಕರೂ ಅದಾರ, ಕೇಳಿದ್ರ ಮೈ ಉರೀತದ. 1974ರಾಗ ಆ ಆಪರೇಷನ್ ಶುರು ಆಗಿದ್ದು ಮೊಣಕೈಯ ಹರಿದ ಅಸ್ಥಿರಜ್ಜು ಸರಿಮಾಡ್ಲಿಕ್ಕೆ, ವೇಗ ಹೆಚ್ಚಿಸ್ಲಿಕ್ಕಲ್ಲ. ಮತ್ತ ಮೈದಾನಕ್ಕ ಇಳೀಲಿಕ್ಕೆ ವರ್ಷಾನ ಬೇಕು.

ಊರಾಗ ಅವ್ವ ಕ್ಯಾಲೆಂಡರ್ ಮ್ಯಾಲೆ ಹಾಲಿನ ಲೆಕ್ಕ ಬರೀತಿದ್ಲಲ್ಲ, ಹಂಗ ಬರೀರಿ: ತಾರೀಖಿನ ಕೆಳಗ ಯಾವ ಟೀಮು, ಎಷ್ಟು ಎಸೆತ. ಪ್ರತಿ ಆಟಕ್ಕ ಮೊದಲು ಅದರ ಫೋಟೋ ಇಬ್ಬರೂ ಕೋಚ್‌ಗಳಿಗೆ ಕಳಸ್ರಿ. ಒಬ್ಬರಿಗೆ ಸಿಟ್ಟು ಬಂದ್ರ ಬರಲಿ.