ಪಾನಾ ಕೊಡುವ ಮಾಲೀಕರೇ, ಗ್ಲೌಸನ್ನೂ ಕೊಡಿ

ಹಾರ್ಡ್‌ವೇರ್ ಅಂಗಡಿಗೆ ಹೋಗಿ ಗ್ಯಾರೇಜಿಗೆ ಗ್ಲೌಸ್ ಬೇಕು ಅಂದರೆ ಅಂಗಡಿಯವರು ಮೊದಲು ತೆಗೆದಿಡುವುದು ಬಿಳಿ ಹತ್ತಿ ನೂಲಿನದು, ಅಂಗೈ ತುಂಬ ನೀಲಿ ಚುಕ್ಕಿ ಇರುವಂಥದ್ದು. ಇನ್ನೂ ಗಟ್ಟಿಯದು ತೋರಿಸಿ ಅಂದರೆ ಕಿತ್ತಳೆ ಬಣ್ಣದ ದಪ್ಪ ರಬ್ಬರಿನದು ಬರುತ್ತದೆ. ಎರಡೂ ಕಾರಿನ ಕೆಲಸಕ್ಕೆ ಸಲ್ಲವು. ಹತ್ತಿಯದು ಇಟ್ಟಿಗೆ ಹೊರುವವರಿಗೆ ಸರಿ. ಎಂಜಿನ್ ಆಯಿಲ್ ತಾಗಿತೋ, ದೀಪದ ಬತ್ತಿಯ ಹಾಗೆ ಹೀರಿಕೊಂಡು ಅದನ್ನು ಇಡೀ ದಿನ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ರಬ್ಬರಿನದು ಪೆಟ್ರೋಲು, ಆಯಿಲು ಸೋಕಿದರೆ ಉಬ್ಬುತ್ತದೆ, ಅಂಟಂಟಾಗುತ್ತದೆ, ಬೇಗ ಹರಿಯುತ್ತದೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಹತ್ತಿರ ನಮ್ಮದೊಂದು ಸಣ್ಣ ಗ್ಯಾರೇಜು. ಕೆಲಸ ನಮ್ಮ ಮನೆಯವರದು, ಲೆಕ್ಕ ಮತ್ತು ಖರೀದಿ ನನ್ನದು. ಫಿಲ್ಟರ್, ಬ್ರೇಕ್ ಪ್ಯಾಡ್, ಗ್ರೀಸ್ ಡಬ್ಬಿ ತರುವಷ್ಟೇ ಜಾಗ್ರತೆಯಿಂದ ಗ್ಲೌಸನ್ನೂ ಆರಿಸಿ ತರಬೇಕು, ಅದರ ಖರ್ಚು ಮಾಲೀಕನದೇ ಆಗಬೇಕು ಎಂಬುದು ನನ್ನ ಹಟ.

ಮೆಕ್ಯಾನಿಕ್‌ನ ಕೈಯನ್ನು ಹತ್ತಿರದಿಂದ ನೋಡಿ. ಉಗುರಿನ ಸುತ್ತ ತೊಳೆದರೂ ಹೋಗದ ಕಪ್ಪು ಗೆರೆ. ಹೆಬ್ಬೆರಳಿನ ಬದಿಗೆ ಸೀಳು. ಬೆರಳ ಗೆಣ್ಣಿನ ಮೇಲೆ ಹಳೇ ಗಾಯದ ಕಲೆ, ಅದರ ಮೇಲೊಂದು ಹೊಸ ಗಾಯ. ಜಾಮ್ ಆದ ನಟ್‌ಗೆ ಬಲ ಹಾಕುವಾಗ ಪಾನಾ ಜಾರಿ ಕೈ ಹೋಗಿ ತಗಡಿನ ಅಂಚಿಗೆ ಬಡಿದದ್ದು ಅದು. ಸಂಜೆ ಡೀಸೆಲ್‌ನಲ್ಲೋ ಪೆಟ್ರೋಲ್‌ನಲ್ಲೋ ಕೈ ತೊಳೆಯುತ್ತಾರೆ, ಮೇಲೆ ಬಟ್ಟೆ ಸೋಪಿನ ಪುಡಿ ಹಾಕಿ ತಿಕ್ಕುತ್ತಾರೆ. ಚರ್ಮದಲ್ಲಿ ಇದ್ದಬದ್ದ ಜಿಡ್ಡೂ ಹೋಗಿ ಸೀಳು ಇನ್ನಷ್ಟು ಬಾಯಿ ಬಿಡುತ್ತದೆ. ಆ ಕೈಯಲ್ಲಿ ರೊಟ್ಟಿ ಮುರಿದು ರಂಜಕ ಹಚ್ಚಿಕೊಂಡರೆ ಖಾರ ನೇರ ಸೀಳಿನೊಳಗೆ ಇಳಿಯುತ್ತದೆ. ನಮ್ಮ ಮನೆಯವರು ಎಷ್ಟೋ ಚಳಿಗಾಲ ಚಮಚ ಹಿಡಿದೇ ಊಟ ಮಾಡಿದ್ದಾರೆ.

ರಂಜಕದ ಉರಿ ಸ್ವಲ್ಪ ಹೊತ್ತಿನದು. ಬಳಸಿ ಕಪ್ಪಾದ ಎಂಜಿನ್ ಆಯಿಲ್‌ನ ಮಾತು ಬೇರೆ. ಎಂಜಿನ್ನಿನ ಕಾವಿನಲ್ಲಿ ಬೆಂದ ಆಯಿಲ್‌ನಲ್ಲಿ ಪಾಲಿಸೈಕ್ಲಿಕ್ ಅರೋಮ್ಯಾಟಿಕ್ ಹೈಡ್ರೋಕಾರ್ಬನ್ ಎಂಬ ವಸ್ತುಗಳು ಸೇರುತ್ತವೆ. ಇವುಗಳಲ್ಲಿ ಒಂದಾದ ಬೆಂಜೋಪೈರೀನ್, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿದೆ. ಈ ಪಟ್ಟಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯದು. ಪೆಟ್ರೋಲಿನಲ್ಲಿರುವ ಬೆಂಜೀನ್ ಕೂಡ ಅದೇ ಗುಂಪಿನದು. ಬಿಎಸ್-6 ಪೆಟ್ರೋಲಿನಲ್ಲೂ ಶೇ 1ರವರೆಗೆ ಬೆಂಜೀನ್ ಇರಲು ಅವಕಾಶವಿದೆ. ಒಂದು ದಿನ ಕೈಗೆ ತಾಗಿದ್ದಕ್ಕೆ ಹೆದರಬೇಕಿಲ್ಲ. ಆದರೆ ಹದಿನೆಂಟನೇ ವಯಸ್ಸಿಗೆ ಹೆಲ್ಪರ್ ಆಗಿ ಸೇರಿದ ಹುಡುಗ ಅರವತ್ತರವರೆಗೆ ದಿನಾ ಆ ಆಯಿಲ್‌ನಲ್ಲೇ ಕೈ ಅದ್ದುತ್ತಾನಲ್ಲ, ಅವನ ಲೆಕ್ಕ ಹಾಕಬೇಕು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನೈಟ್ರೈಲ್ ಅನ್ನುತ್ತೇನೆ ನಾನು. ಅದೂ ಒಂದು ಬಗೆಯ ರಬ್ಬರೇ, ಆದರೆ ಆಯಿಲ್, ಗ್ರೀಸ್, ಡೀಸೆಲ್‌ಗೆ ಸುಲಭಕ್ಕೆ ಸೋಲುವುದಿಲ್ಲ. ಆಯಿಲ್ ಬದಲಿಸಲು, ಬ್ರೇಕ್ ಫ್ಲೂಯಿಡ್ ತೆಗೆಯಲು ಬಳಸಿ ಬಿಸಾಡುವ ನೈಟ್ರೈಲ್ ಸಾಕು. ಆದರೆ ಆಸ್ಪತ್ರೆಯಲ್ಲಿ ಹಾಕುವ ತೆಳು ನೀಲಿಯದು ಬೇಡ, ಹೋಸ್ ಕ್ಲಿಪ್ಪಿನ ಚೂಪಿಗೆ ತಾಗಿದ ಕೂಡಲೇ ಹರಿಯುತ್ತದೆ. ಡಬ್ಬಿಯ ಮೇಲೆ 6 ಮಿಲ್ ಅಥವಾ ಹೆಚ್ಚು ಎಂದು ಬರೆದಿರಬೇಕು, ಅಂದರೆ ಸುಮಾರು 0.15 ಮಿಲಿಮೀಟರ್ ದಪ್ಪ. ಬೆರಳ ತುದಿ ಒರಟಾಗಿದ್ದರೆ ಹಿಡಿತ ಜಾರುವುದಿಲ್ಲ.

ಸಸ್ಪೆನ್ಷನ್, ಕ್ಲಚ್, ಗೇರ್ ಬಾಕ್ಸ್ ಇಳಿಸುವಂಥ ಕೆಲಸಕ್ಕೆ ನೈಲಾನ್ ನೂಲಿನ ಗ್ಲೌಸ್ ಮೇಲೆ ನೈಟ್ರೈಲ್ ಅದ್ದಿದ್ದು ಬೇಕು. ಇಲ್ಲಿ ಜನ ಮೋಸ ಹೋಗುವುದು ಹಿಂಬದಿಯಲ್ಲಿ. ಅಂಗೈಗೆ ಮಾತ್ರ ಅದ್ದಿದ್ದರೆ ಮುಂಗೈ ಕಡೆಯ ನೂಲಿನಿಂದ ಆಯಿಲ್ ಒಳಗೆ ಬರುತ್ತದೆ. ಗೆಣ್ಣು ದಾಟಿ ಹಿಂದಕ್ಕೂ ಅದ್ದಿರುವುದನ್ನೇ ಆರಿಸಿ. ಜೋಡಿಗೆ ನೂರು ರೂಪಾಯಿ ಆಸುಪಾಸು. ಚುಕ್ಕಿಯದಕ್ಕಿಂತ ಬೆಲೆ ಹೆಚ್ಚು, ಆದರೆ ಸೋಪಿನ ನೀರಿನಲ್ಲಿ ತೊಳೆದು ನೆರಳಿಗೆ ಒಣಹಾಕಿದರೆ ಮತ್ತೆ ಮತ್ತೆ ಬರುತ್ತದೆ. ಪೆಟ್ರೋಲಿನಲ್ಲಿ ತೊಳೆಯಬಾರದು, ಬಿಸಿಲಿಗೆ ಹಾಕಬಾರದು. ಒಳಬದಿಗೆ ಆಯಿಲ್ ಇಳಿದಿದ್ದರೆ ಹೊರಗೆ ಎಷ್ಟು ಗಟ್ಟಿ ಕಂಡರೂ ಎಸೆಯಬೇಕು.

ಒಳ್ಳೆಯ ಗ್ಲೌಸಿನ ಮುಂಗೈ ಮೇಲೆ ಸುತ್ತಿಗೆಯ ಸಣ್ಣ ಚಿತ್ರ, ಅದರ ಕೆಳಗೆ ಅಂಕಿಗಳು ಇರುತ್ತವೆ. ಇಎನ್ 388 ಎಂಬ ಯುರೋಪಿನ ಮಾನದಂಡ ಅದು. 4121 ಎಂದಿದ್ದರೆ ಮೊದಲ ಅಂಕಿ ಸವೆತ ತಡೆಯುವ ಶಕ್ತಿ, ಎರಡನೆಯದು ಬ್ಲೇಡಿನ ಕೊಯ್ತ, ಮೂರನೆಯದು ಹರಿಯುವಿಕೆ, ನಾಲ್ಕನೆಯದು ಚುಚ್ಚು. ಸವೆತಕ್ಕೆ 4 ಅತಿ ಹೆಚ್ಚು. ಅಂಥ ಗ್ಲೌಸು ಪರೀಕ್ಷೆಯಲ್ಲಿ ಮರಳು ಕಾಗದದ 8,000 ಉಜ್ಜಿಗೆ ತಡೆದಿರಬೇಕು. ಬಹಳ ದಿನ ಬಾಳಬೇಕು ಅನ್ನುವವರು ಮೊದಲು ನೋಡಬೇಕಾದದ್ದು ಈ ಅಂಕಿಯನ್ನೇ. 2016ರ ನಂತರದ ಗ್ಲೌಸುಗಳಲ್ಲಿ ಕೊನೆಗೆ ಕೊಯ್ತಕ್ಕೆಂದೇ ಎ ಯಿಂದ ಎಫ್ ವರೆಗಿನ ಒಂದು ಅಕ್ಷರವೂ ಇರುತ್ತದೆ. ಅಲ್ಲಿ ಎಕ್ಸ್ ಇದ್ದರೆ ಆ ಪರೀಕ್ಷೆ ಮಾಡಿಲ್ಲ ಎಂದರ್ಥ. ತಗಡಿನ ಕೆಲಸ ಹೆಚ್ಚಿದ್ದವರಿಗೆ ಸಿ ಇದ್ದರೆ ಒಳ್ಳೆಯದು.

ಆದರೆ ಇಷ್ಟೆಲ್ಲ ನೋಡಿ ತಂದರೂ ಹುಡುಗರು ಹಾಕಿಕೊಳ್ಳದಿದ್ದರೆ ಏನು ಬಂತು? "ಅಕ್ಕಾರ, ಇದ ಹಾಕ್ಕೊಂಡ್ರ ನಟ್ ಹಿಡಿಯಾಕ ಬರಂಗಿಲ್ರಿ" ಅಂತ ನಮ್ಮ ಹುಡುಗ ಗ್ಲೌಸ್ ಬಿಚ್ಚಿ ಬೆಂಚಿನ ಮೇಲೆ ಇಟ್ಟಾಗ ನಾನು ಬೈಯಲಿಲ್ಲ, ಅವನ ಕೈ ಹಿಡಿದು ನೋಡಿದೆ. ಪ್ರತಿ ಬೆರಳ ತುದಿಯಲ್ಲಿ ಅರ್ಧ ಇಂಚು ಖಾಲಿ. 10 ನಂಬರ್ ಬೋಲ್ಟಿನ ನಟ್ ಹಿಡಿಯುವುದು ಹೇಗೆ? ಬ್ಲೌಸಿಗೆ ಅಳತೆ ತೆಗೆಯುವ ಟೇಪನ್ನೇ ಹೆಬ್ಬೆರಳು ಬಿಟ್ಟು ಅಂಗೈ ಸುತ್ತ ಹಿಡಿದೆ, 8 ಇಂಚು. ಅಂದರೆ 8ನೇ ಸೈಜು ಬೇಕು. ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ 10, ಇಲ್ಲವೇ ಫ್ರೀ ಸೈಜು. ಸಣಕಲು ಕೈಯ ಹುಡುಗರೇ ಹೆಚ್ಚಿರುವ ಊರಿನಲ್ಲಿ ದೊಡ್ಡ ಸೈಜನ್ನೇ ತುಂಬಿಕೊಂಡು ಕೂತರೆ ಅದನ್ನು ತೊಡುವವರು ಯಾರು? 7, 8, 9ನ್ನೂ ತರಿಸಿ ಇಡಿ ಎಂದು ಅಂಗಡಿಯವರಲ್ಲಿ ಕೈಮುಗಿದು ಕೇಳುತ್ತೇನೆ. ಕೈಗೆ ಸರಿಯಾಗಿ ಕೂತ ಗ್ಲೌಸನ್ನು ಯಾರೂ ಬಿಚ್ಚಿಡುವುದಿಲ್ಲ.

ಬಿಚ್ಚಲೇಬೇಕಾದ ಜಾಗಗಳೂ ಇವೆ. ಎಂಜಿನ್ ಚಾಲೂ ಇದ್ದಾಗ ಬೆಲ್ಟ್, ಫ್ಯಾನಿನ ಹತ್ತಿರ ನೂಲಿನ ಗ್ಲೌಸ್ ಬೇಡವೇ ಬೇಡ. ಒಂದು ಎಳೆ ಸಿಕ್ಕರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಬಿಸಿ ಎಂಜಿನ್ನಿನಲ್ಲಿ ಚಾವಿ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು. ಡ್ರಿಲ್ಲಿಂಗ್ ಮೆಷಿನ್ನಿಗೂ ಇದೇ ಮಾತು. ಕಾದ ಸೈಲೆನ್ಸರ್ ಮುಟ್ಟುವಾಗ ಮಾತ್ರ ನೈಟ್ರೈಲ್ ನಂಬಬಾರದು, ಅಲ್ಲಿಗೆ ದಪ್ಪ ಚರ್ಮದ ಗ್ಲೌಸೇ ಆಗಬೇಕು. ಪೇಂಟಿಂಗ್‌ನವರ ಥಿನ್ನರ್ ಕೂಡ ತೆಳು ನೈಟ್ರೈಲನ್ನು ಬೇಗ ದಾಟುತ್ತದೆ. ಥಿನ್ನರ್ ಬಿದ್ದ ಜೋಡಿಯನ್ನು ಕೂಡಲೇ ಬದಲಿಸಬೇಕು.

ಕಾರ್ಖಾನೆಯ ಕಾನೂನು ನಾಲ್ಕೈದು ಜನರ ಗ್ಯಾರೇಜಿನ ಬಾಗಿಲಿಗೆ ಬರುವುದಿಲ್ಲ. ನಮ್ಮಲ್ಲಿ ಇದನ್ನು ಕೇಳುವ ಇನ್‌ಸ್ಪೆಕ್ಟರ್ ಇಲ್ಲ, ಹುಡುಗರಿಗೆ ಸಂಘವಿಲ್ಲ. ಹಾಗಾಗಿ ಇದು ಮಾಲೀಕರ ಮೇಲೆ ಬಿದ್ದ ಭಾರ. ಆಯುಧಪೂಜೆಯ ದಿನ ಪಾನಾ, ಜ್ಯಾಕ್, ವೈಸ್ ಎಲ್ಲಕ್ಕೂ ವಿಭೂತಿ ಹಚ್ಚಿ ಹೂ ಏರಿಸುವ ನಾವು, ಆ ಪಾನಾ ಹಿಡಿಯುವ ಕೈಗೆ ತಿಂಗಳಿಗೆ ಎರಡು ಜೋಡಿ ಗ್ಲೌಸ್ ಕೊಡಲಾರೆವೇ? ಗಿರಾಕಿಗಳಿಗೂ ಒಂದು ಮಾತು. ಬಿಲ್ಲಿನಲ್ಲಿ ಗ್ರೀಸ್, ವೇಸ್ಟ್ ಬಟ್ಟೆಯ ಜೊತೆ ಗ್ಲೌಸಿನ ಹತ್ತು ರೂಪಾಯಿ ಕಂಡರೆ ದಯವಿಟ್ಟು ಚೌಕಾಸಿ ಮಾಡಬೇಡಿ. ಮನೆ ಅಂಗಳದಲ್ಲಿ ತಾವೇ ಆಯಿಲ್ ಬದಲಿಸುವವರು ಮೊದಲು ಒಂದು ಡಬ್ಬಿ ನೈಟ್ರೈಲ್ ತಂದಿಟ್ಟುಕೊಳ್ಳಿ.

ನನಗೆ ಹೆಚ್ಚು ಕಳವಳ ಈಗ ಬರುತ್ತಿರುವ ಎಲೆಕ್ಟ್ರಿಕ್ ಕಾರುಗಳದ್ದು. ಎಷ್ಟೋ ಕಾರುಗಳಲ್ಲಿ ಬ್ಯಾಟರಿ 300 ವೋಲ್ಟ್ ಮೀರುತ್ತದೆ. ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳಲ್ಲಿ ಹರಿಯುವುದು ಅದೇ. ಆಯಿಲ್ ತಡೆಯುವ ಗ್ಲೌಸ್ ಕರೆಂಟನ್ನು ತಡೆಯುತ್ತದೆ ಎಂದು ಯಾವ ಹುಡುಗನೂ ತಿಳಿಯಬಾರದು. ಅದಕ್ಕೆ ಐಎಸ್ 4770 ಗುರುತಿನ ವಿದ್ಯುತ್ ಕೆಲಸದ ರಬ್ಬರ್ ಗ್ಲೌಸು ಇಲ್ಲವೇ 1,000 ವೋಲ್ಟ್‌ವರೆಗಿನ ಕ್ಲಾಸ್ 0 ಗ್ಲೌಸು ಬೇಕು, ಅದರ ಮೇಲೆ ಚರ್ಮದ ಹೊದಿಕೆ ಬೇಕು. ಪ್ರತಿ ಸಲ ಹಾಕುವ ಮೊದಲು ಮಣಿಕಟ್ಟಿನ ಕಡೆಯಿಂದ ಸುರುಳಿ ಸುತ್ತಿ ಒಳಗೆ ಗಾಳಿ ಕಟ್ಟಿ ಎಲ್ಲಾದರೂ ಸೋರುತ್ತಿದೆಯೇ ನೋಡಬೇಕು. ಐಟಿಐಗಳ ಮೋಟಾರ್ ಮೆಕ್ಯಾನಿಕ್ ತರಗತಿಯಲ್ಲಿ ಈ ಪರೀಕ್ಷೆಯನ್ನು ಪ್ರತಿ ಹುಡುಗನ ಕೈಯಲ್ಲೂ ಮಾಡಿಸಬೇಕು. ನಮ್ಮ ಗ್ಯಾರೇಜಿಗೆ ಅಂಥ ಕಾರು ಬಂದರೆ ಸದ್ಯಕ್ಕೆ ಟೈರು, ಬ್ರೇಕು, ವೈಪರ್ ನೋಡಿ ಕೊಡುತ್ತೇವೆ. ಆ ಗ್ಲೌಸೂ ತರಬೇತಿಯೂ ಎರಡೂ ಆಗುವ ತನಕ ಕಿತ್ತಳೆ ಕೇಬಲ್ಲಿಗೆ ನಮ್ಮಲ್ಲಿ ಯಾರೂ ಕೈಹಾಕುವುದಿಲ್ಲ.